ಸಾಗವಾನಿ ಘನ ಅಡಿಗೆ ಎಷ್ಟು?

ಮನೆ ಕಟ್ಟುವ ಖರ್ಚನ್ನು ಕುರಿತ ಕಳೆದ ಸಂಚಿಕೆಯ ಲೇಖನದಲ್ಲಿ ಸಿಮೆಂಟು, ಕಬ್ಬಿಣ, ಮರಳುಗಳ ಬಗ್ಗೆ ವಿವರವಾಗಿ ಬರೆದು, ಕಟ್ಟಿಗೆಯ ವಿಷಯವನ್ನು ಎರಡೇ ಸಾಲಿನಲ್ಲಿ ಮುಗಿಸಿದ್ದೆ. ಅದು ಸಾಲದೆಂದು ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಓದುಗರು ಪತ್ರ ಬರೆದು ತಿಳಿಸಿದ್ದಾರೆ. ಹೆಚ್ಚಿನವರು ಕೇಳಿರುವುದು ಸಾಗವಾನಿಯ ದರವನ್ನೇ. ಇಂತಿಷ್ಟು ರೂಪಾಯಿ ಎಂದು ಒಂದು ಅಂಕಿಯನ್ನು ಇಲ್ಲಿ ಅಚ್ಚು ಹಾಕಿದರೆ, ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಅದು ಹಳೆಯದಾಗಿರುತ್ತದೆ. ಆದ್ದರಿಂದ ದರ ಹೇಗೆ ಹುಟ್ಟುತ್ತದೆ, ಎಲ್ಲಿ ಹಿಗ್ಗುತ್ತದೆ ಎಂಬುದನ್ನು ಹೇಳುತ್ತೇನೆ. ಲೆಕ್ಕ ತೋರಿಸುವಲ್ಲಿ ಬಳಸಿದ ದರಗಳು ಉದಾಹರಣೆಗಾಗಿ ಮಾತ್ರ.

ಪ್ರಶ್ನೆ: ಸೇಡಂನಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಕಲಬುರಗಿಯ ಎರಡು ಕಟ್ಟಿಗೆ ಅಡ್ಡೆಗಳಲ್ಲಿ ವಿಚಾರಿಸಿದೆ. ಇಬ್ಬರೂ ತಮ್ಮದು ಸಾಗವಾನಿಯೇ ಎಂದರು. ಆದರೆ ಒಬ್ಬರು ಹೇಳಿದ ದರ ಇನ್ನೊಬ್ಬರದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿಯಿತ್ತು. ಇವರಲ್ಲಿ ಯಾರ ಮಾತನ್ನು ನಂಬಬೇಕು?
— ನಿವೃತ್ತ ಶಿಕ್ಷಕರು, ಸೇಡಂ

ಉತ್ತರ: ಗುರುಗಳೇ, ಇಬ್ಬರೂ ನಿಜವನ್ನೇ ಹೇಳಿರುವ ಸಾಧ್ಯತೆ ಇದೆ. ಸಾಗವಾನಿ ಎಂಬುದು ಒಂದೇ ಜಾತಿಯ ಮರದ ಹೆಸರಾದರೂ ಅಡ್ಡೆಯಲ್ಲಿ ಅದು ನಾಲ್ಕೈದು ಬೇರೆ ಬೇರೆ ಸರಕುಗಳ ಹೆಸರು. ಈ ಮರ ಸ್ವಾಭಾವಿಕವಾಗಿ ಬೆಳೆಯುವುದು ಭಾರತ, ಬರ್ಮಾ, ಥಾಯ್ಲೆಂಡ್, ಲಾವೋಸ್‌ಗಳಲ್ಲಿ ಮಾತ್ರ. ಹಳೆಯ ಕಾಡಿನಲ್ಲಿ ಬೆಳೆದ ಬರ್ಮಾ ಮಾಲು, ನಮ್ಮ ದಾಂಡೇಲಿಯ ಮಾಲು, ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬಲ್ಲಾರ್ಶಾದಿಂದ ಬರುವ, ವ್ಯಾಪಾರಸ್ಥರು ಈಗಲೂ ‘ಸಿ.ಪಿ.’ (ಬ್ರಿಟಿಷರ ಕಾಲದ ಸೆಂಟ್ರಲ್ ಪ್ರಾವಿನ್ಸಸ್) ಸಾಗವಾನಿ ಎಂದು ಕರೆಯುವ ಮಾಲು, ಇವು ಒಂದು ಕಡೆ. ಘಾನಾ, ನೈಜೀರಿಯಾ, ತಾಂಜಾನಿಯಾ, ಪನಾಮಾ, ಈಕ್ವೆಡಾರ್, ಬ್ರೆಜಿಲ್ ಮುಂತಾದ ದೇಶಗಳ ನೆಡುತೋಪುಗಳಿಂದ ಹಡಗಿನಲ್ಲಿ ಬರುವ ಮಾಲು ಇನ್ನೊಂದು ಕಡೆ. ಇವುಗಳ ನಡುವೆ ರೈತರ ಹೊಲದ ಬದುವಿನಲ್ಲಿ ಬೆಳೆದ ಸ್ಥಳೀಯ ಸಾಗವಾನಿಯೂ ಇದೆ. ನಿಮಗೆ ಕಡಿಮೆ ದರ ಹೇಳಿದವರ ಬಳಿ ಇದ್ದದ್ದು ಬಹುಶಃ ಎರಡನೆಯ ಅಥವಾ ಮೂರನೆಯ ಬಗೆಯದು.

ಊರು ಬೇರೆಯಾದ ಮಾತ್ರಕ್ಕೆ ಬೆಲೆ ಏಕೆ ಬೇರೆಯಾಗಬೇಕು ಎಂದು ನೀವು ಕೇಳಬಹುದು. ಇಲ್ಲಿ ಬೆಲೆ ಕಟ್ಟುವುದು ಮರದ ವಯಸ್ಸಿಗೆ. ಸಾಗವಾನಿಯ ಕೀರ್ತಿಯೆಲ್ಲ ಅದರ ಕೆಚ್ಚಿನದು, ಅಂದರೆ ಮರದ ಒಳಗಿನ ಗಟ್ಟಿ ಭಾಗದ್ದು. ಗೆದ್ದಲು ಮುಟ್ಟದಿರುವ ಗುಣ, ನೀರಿಗೆ ಜಗ್ಗದಿರುವ ಗುಣ, ಆ ಹೊಂಬಣ್ಣ, ಎಲ್ಲವೂ ಕೆಚ್ಚಿನಲ್ಲಿವೆ. ಹೊರಗಿನ ಬಿಳಿಯ ಭಾಗಕ್ಕೆ ಈ ಗುಣಗಳಿಲ್ಲ, ಅದನ್ನು ಹುಳ ತಿನ್ನುತ್ತದೆ. ನಮ್ಮ ಸರ್ಕಾರಿ ಕಾಡುಗಳಲ್ಲಿ ಸಾಗವಾನಿಯನ್ನು ಐವತ್ತು ವರ್ಷ ದಾಟಿದ ಮೇಲೆ ಕಡಿಯುವುದು ರೂಢಿ. ವಿದೇಶಿ ತೋಪುಗಳಲ್ಲಿ ಹದಿನೈದು ಇಪ್ಪತ್ತು ವರ್ಷಕ್ಕೇ ಕಡಿಯುತ್ತಾರೆ. ಎಳೆಯ ಮರದಲ್ಲಿ ಬಿಳಿಯ ಭಾಗವೇ ಹೆಚ್ಚಾಗಿರುವುದರಿಂದ ಅದರ ಒಂದು ಹಲಗೆಯಲ್ಲಿ ಎರಡು ಅಂಚೂ ಬೆಳ್ಳಗಿರುತ್ತವೆ. ಬಣ್ಣ ಬಳಿದ ಮೇಲೆ ಇದು ಕಾಣುವುದಿಲ್ಲ, ಆದ್ದರಿಂದ ಪಾಲಿಶ್ ಮಾಡುವ ಮೊದಲೇ ನೋಡಬೇಕು.

ಎರಡನೆಯ ಸಂಗತಿ ಉದ್ದ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಸಾಗವಾನಿ ಈಗ ಬಹುಮಟ್ಟಿಗೆ ಕಂಟೈನರುಗಳಲ್ಲಿ ಬರುತ್ತದೆ. ಇಪ್ಪತ್ತು ಅಡಿಯ ಕಂಟೈನರಿನ ಒಳಗಿನ ಉದ್ದ ಹತ್ತೊಂಬತ್ತು ಅಡಿಯ ಆಸುಪಾಸು. ಎಳೆಯ ಮರ ನೆಟ್ಟಗೆ ಉದ್ದಕ್ಕೆ ಸಿಗುವುದೂ ಕಡಿಮೆ. ಹೀಗಾಗಿ ಗಿಡ್ಡ ತುಂಡುಗಳು ಬೇಕಾದಷ್ಟು ಬರುತ್ತವೆ, ಏಳು ಅಡಿಗಿಂತ ಉದ್ದದ, ಗಂಟಿಲ್ಲದ ತುಂಡು ವಿರಳವಾಗುತ್ತದೆ. ಬಾಗಿಲ ಚೌಕಟ್ಟಿನ ನಿಲುಗಂಬಕ್ಕೆ ಬೇಕಾಗುವುದು ಸರಿಯಾಗಿ ಆ ಉದ್ದವೇ. ಕಿಟಕಿಗೆ ಒಂದು ದರ, ಬಾಗಿಲಿಗೆ ಇನ್ನೊಂದು ದರ ಹೇಳಿದರೆ ಅದರಲ್ಲಿ ಮೋಸವೇನೂ ಇಲ್ಲ.

ಮೂರನೆಯದು, ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಹೆಚ್ಚು ಹಣ ಸೋರಿಹೋಗುವ ಜಾಗ, ಅಳತೆ. ಐದು ಅಂಗುಲ ಅಗಲ, ಮೂರು ಅಂಗುಲ ದಪ್ಪದ ಕಟ್ಟಿಗೆಯಲ್ಲಿ ಏಳು ಅಡಿ ಎತ್ತರ, ಮೂರೂವರೆ ಅಡಿ ಅಗಲದ ಒಂದು ಚೌಕಟ್ಟನ್ನು ಹೊಸ್ತಿಲು ಸಹಿತ ಮಾಡಿಸಿದರೆ ಒಟ್ಟು 21 ಅಡಿ ಉದ್ದ ಬೇಕು. ಅಗಲವನ್ನೂ ದಪ್ಪವನ್ನೂ ಅಂಗುಲದಲ್ಲಿ, ಉದ್ದವನ್ನು ಅಡಿಯಲ್ಲಿ ಗುಣಿಸಿ 144ರಿಂದ ಭಾಗಿಸಿದರೆ ಸುಮಾರು 2.19 ಘನ ಅಡಿ ಬರುತ್ತದೆ. ಘನ ಅಡಿಗೆ 3,000 ರೂಪಾಯಿ ಎಂದಿಟ್ಟುಕೊಂಡರೆ ಕಟ್ಟಿಗೆಯ ಬೆಲೆ ಸುಮಾರು 6,560 ರೂಪಾಯಿ. ಆದರೆ ಕೈಗೆ ಬಂದ ತುಂಡನ್ನು ನೀವೇ ಟೇಪು ಹಿಡಿದು ಅಳೆದಾಗ ಅದು ನಾಲ್ಕೂಮುಕ್ಕಾಲು ಅಂಗುಲಕ್ಕೆ ಎರಡೂಮುಕ್ಕಾಲು ಅಂಗುಲ ಇದ್ದರೆ, ಸಿಕ್ಕಿದ್ದು 1.9 ಘನ ಅಡಿ ಮಾತ್ರ. ಅಂದರೆ ನೀವು ಕೊಟ್ಟ ನಿಜವಾದ ದರ 3,440 ರೂಪಾಯಿ ದಾಟಿತು. ಕೊಯ್ತದಲ್ಲಿ, ಉಜ್ಜುವಿಕೆಯಲ್ಲಿ ಕಾಲಂಗುಲ ಹೋಗುವುದು ಸಹಜವೇ. ಆ ಕಾಲಂಗುಲ ಯಾರ ಲೆಕ್ಕಕ್ಕೆ ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು. ಕೊಯ್ತದ ಅಳತೆಗೆ ಕಡಿಮೆ ದರ ಹೇಳುವವರು, ಸಿದ್ಧ ಅಳತೆಗೆ ಹೆಚ್ಚು ದರ ಹೇಳುವವರು ಇಬ್ಬರೂ ಕೊನೆಗೆ ಒಂದೇ ಮೊತ್ತಕ್ಕೆ ಬಂದು ನಿಲ್ಲುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ.

ಇದರ ಮೇಲೆ ಶೇಕಡಾ 18ರ ಜಿಎಸ್‌ಟಿ ಇದೆ. ದರ ಹೇಳುವಾಗ ಅದನ್ನು ಸೇರಿಸಿ ಹೇಳಿದರೋ ಬಿಟ್ಟು ಹೇಳಿದರೋ ಎಂಬುದೊಂದೇ ನಿಮ್ಮ ಇಬ್ಬರು ವ್ಯಾಪಾರಸ್ಥರ ಅಂತರದಲ್ಲಿ ಸ್ವಲ್ಪ ಪಾಲನ್ನು ವಿವರಿಸಬಲ್ಲದು.

ಪ್ರಶ್ನೆ: ನಮ್ಮ ಗುತ್ತಿಗೆದಾರರು ಕಿಟಕಿಗಳಿಗೆ ‘ಹಾರ್ಡ್‌ವುಡ್’ ಹಾಕುತ್ತೇನೆ ಎನ್ನುತ್ತಾರೆ. ಇದು ಯಾವ ಮರ?
— ಗೃಹಿಣಿ, ಹುಮನಾಬಾದ್

ಉತ್ತರ: ಅದು ಯಾವ ಮರದ ಹೆಸರೂ ಅಲ್ಲ, ತಾಯಿ. ಸಸ್ಯಶಾಸ್ತ್ರದ ಪ್ರಕಾರ ಅಗಲ ಎಲೆಯ ಮರಗಳೆಲ್ಲ ಹಾರ್ಡ್‌ವುಡ್, ಸೂಜಿಯಂಥ ಎಲೆಯ ಪೈನ್, ದೇವದಾರುಗಳು ಸಾಫ್ಟ್‌ವುಡ್. ಬೆರಳಿನಿಂದ ಒತ್ತಿದರೆ ತಗ್ಗುವ ಬಾಲ್ಸಾ ಕೂಡ ಈ ಲೆಕ್ಕದಲ್ಲಿ ಹಾರ್ಡ್‌ವುಡ್ಡೇ. ನಮ್ಮ ಭಾಗದಲ್ಲಿ ಈ ಮಾತನ್ನು ‘ಸಾಗವಾನಿಯಲ್ಲದ, ಹೆಸರು ಹೇಳಬೇಕಾಗಿಲ್ಲದ ಯಾವುದೋ ಗಟ್ಟಿ ಕಟ್ಟಿಗೆ’ ಎಂಬ ಅರ್ಥದಲ್ಲಿ ಬಳಸುತ್ತಾರೆ. ಮತ್ತಿಯೋ, ಹೊನ್ನೆಯೋ, ಮಲೇಷ್ಯಾದ ಸಾಲ್ ಎಂದು ಕರೆಯುವ ಮರವೋ ಎಂದು ಹೆಸರು ಹಿಡಿದು ಕೇಳಿ, ಆ ಹೆಸರನ್ನೇ ಕರಾರಿನಲ್ಲಿ ಬರೆಸಿ.

ಪ್ರಶ್ನೆ: ನಮ್ಮ ತಂದೆಯವರು ಮನೆ ಕಟ್ಟಿಸಿದಾಗ ಎಲ್ಲ ಬಾಗಿಲುಗಳೂ ಸಾಗವಾನಿಯವು. ನಾನು ಈಗ ಮುಂಬಾಗಿಲು ಒಂದಕ್ಕೇ ಯೋಚಿಸಬೇಕಾಗಿದೆ. ಈ ದರ ಇಷ್ಟು ಏರಿದ್ದು ಹೇಗೆ? ಇನ್ನೊಂದೆರಡು ವರ್ಷ ಕಾದರೆ ಇಳಿಯಬಹುದೇ?
— ಬ್ಯಾಂಕ್ ಉದ್ಯೋಗಿ, ಕಲಬುರಗಿ

ಉತ್ತರ: ನಿಮ್ಮ ತಂದೆಯವರ ಕಾಲದಲ್ಲಿ ಕಟ್ಟಿಗೆ ಕಾಡಿನಿಂದ ಬರುತ್ತಿತ್ತು, ಈಗ ಬಂದರಿನಿಂದ ಬರುತ್ತದೆ. ಏರಿಕೆಯ ಕಥೆಯ ಮುಖ್ಯ ಭಾಗ ಇದು.

1988ರ ರಾಷ್ಟ್ರೀಯ ಅರಣ್ಯ ನೀತಿ, ಕಾಡು ಇರುವುದು ಮೊದಲು ಪರಿಸರಕ್ಕಾಗಿ, ಆದಾಯ ಆಮೇಲೆ ಎಂಬ ಮಾತನ್ನು ಸ್ಪಷ್ಟವಾಗಿ ಹೇಳಿತು. ಕಾರ್ಖಾನೆಗಳು ತಮಗೆ ಬೇಕಾದ ಮರವನ್ನು ರೈತರಿಂದ ಬೆಳೆಸಿಕೊಳ್ಳಬೇಕೆಂದಿತು. ಅದಾದ ಮೇಲೆ ಗೋದವರ್ಮನ್ ತಿರುಮುಲ್ಪಾಡ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ನೀಡಿದ ಆದೇಶದಿಂದ, ಕೇಂದ್ರದ ಒಪ್ಪಿಗೆ ಪಡೆದ ಕಾರ್ಯಯೋಜನೆಯ ಹೊರತಾಗಿ ಕಾಡಿನಲ್ಲಿ ಮರ ಕಡಿಯುವುದು ನಿಂತಿತು. ಮುಂದಿನ ವರ್ಷಗಳಲ್ಲಿ ಸಾ ಮಿಲ್ಲುಗಳ ಪರವಾನಗಿಯ ಮೇಲೂ ಹಿಡಿತ ಬಿಗಿಯಾಯಿತು. ನಾನು ಈ ಆದೇಶವನ್ನು ಟೀಕಿಸುತ್ತಿಲ್ಲ. ಅದಿಲ್ಲದಿದ್ದರೆ ಇವತ್ತು ಉಳಿದಷ್ಟು ಕಾಡೂ ಉಳಿಯುತ್ತಿರಲಿಲ್ಲವೆಂಬುದು ನನ್ನ ನಂಬಿಕೆ. ಆದರೆ ಬೇಡಿಕೆ ಕಡಿಮೆಯಾಗದೆ ಪೂರೈಕೆ ಮಾತ್ರ ಕಡಿಮೆಯಾದಾಗ ದರ ಏರದೆ ಇರುವುದಿಲ್ಲ.

ಆ ತೆರವನ್ನು ತುಂಬಿದ್ದು ಹೊರದೇಶದ ಮರ. ಬರ್ಮಾದ ದಿಮ್ಮಿಗಳಿಗೆ ಭಾರತವೇ ದೊಡ್ಡ ಗಿರಾಕಿಯಾಗಿತ್ತು. ಆ ದೇಶ 2014ರ ಏಪ್ರಿಲ್ 1ರಿಂದ ದಿಮ್ಮಿಗಳ ರಫ್ತನ್ನು ನಿಲ್ಲಿಸಿ, ಕೊಯ್ದ ಕಟ್ಟಿಗೆಯನ್ನು ಮಾತ್ರ ಕಳಿಸುವುದಾಗಿ ಹೇಳಿತು. ಅದಕ್ಕೂ ಮೊದಲೇ, 2010ರಲ್ಲಿ, ಗ್ಯಾಬನ್ ದೇಶ ಇಂಥದೇ ನಿರ್ಬಂಧ ಹೇರಿತ್ತು. ಕಟ್ಟಿಗೆ ಬೆಳೆಯುವ ದೇಶಗಳು ಕೊಯ್ಯುವ ಕೂಲಿಯನ್ನೂ ತಮ್ಮಲ್ಲೇ ಉಳಿಸಿಕೊಳ್ಳಬೇಕೆಂದು ಬಯಸುವುದು ನ್ಯಾಯವೇ. ಅದರ ಬಿಸಿ ನಮ್ಮ ಅಡ್ಡೆಗಳಿಗೆ ತಟ್ಟುತ್ತದೆ. 2021ರ ಫೆಬ್ರುವರಿಯಲ್ಲಿ ಬರ್ಮಾದಲ್ಲಿ ಸೈನ್ಯ ಅಧಿಕಾರ ಹಿಡಿದ ಮೇಲೆ ಅಲ್ಲಿನ ಮಾಲು ಇನ್ನಷ್ಟು ಅನಿಶ್ಚಿತವಾಯಿತು. ಈಗ ನಮ್ಮ ಊರುಗಳಲ್ಲಿ ‘ಬರ್ಮಾ’ ಎಂದು ಮಾರುವ ಎಲ್ಲವೂ ಬರ್ಮಾದ್ದಲ್ಲವೆಂದು ನಾನು ಧೈರ್ಯವಾಗಿ ಹೇಳಬಲ್ಲೆ.

ಇನ್ನು ಡಾಲರಿನ ವಿಷಯ, ಇದನ್ನು ಬ್ಯಾಂಕಿನವರಾದ ನಿಮಗೆ ಹೇಳುವುದು ಸ್ವಲ್ಪ ಸಂಕೋಚವೇ. 2011ರ ಮಧ್ಯದಲ್ಲಿ ಒಂದು ಡಾಲರಿಗೆ 45 ರೂಪಾಯಿ ಆಸುಪಾಸು ಇತ್ತು. 2023ರ ಕೊನೆಯಲ್ಲಿ 83. ಘನ ಮೀಟರಿಗೆ 500 ಡಾಲರಿನ ಒಂದು ದಿಮ್ಮಿ ಈ ಹನ್ನೆರಡು ವರ್ಷಗಳಲ್ಲಿ ಡಾಲರಿನಲ್ಲಿ ಒಂದು ಬಿಡಿಗಾಸೂ ಏರಲಿಲ್ಲವೆಂದು ಊಹಿಸಿಕೊಳ್ಳಿ. ಒಂದು ಘನ ಮೀಟರ್ ಎಂದರೆ 35.3 ಘನ ಅಡಿ. ಆಗ ಘನ ಅಡಿಗೆ ಸುಮಾರು 637 ರೂಪಾಯಿಗೆ ಬಂದರಿಗಿಳಿದ ಮಾಲು 2023ರ ಕೊನೆಗೆ 1,175 ರೂಪಾಯಿಗೆ ಇಳಿಯಿತು. ಮಾರುವವನು ಒಂದು ಪೈಸೆಯನ್ನೂ ಹೆಚ್ಚಿಸದೆ ಕೊಳ್ಳುವವನಿಗೆ ಎಂಬತ್ತು ಪ್ರತಿಶತಕ್ಕೂ ಮೀರಿದ ಏರಿಕೆ! ಇದಕ್ಕೆ ಹಡಗಿನ ಬಾಡಿಗೆ ಸೇರಬೇಕು. 2021ರಲ್ಲಿ ಕಂಟೈನರುಗಳೇ ಸಿಗದೆ ಬಾಡಿಗೆ ಹಲವು ಪಟ್ಟು ಏರಿತು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದಾಗ ಮತ್ತೆ ಏರಿತು. ಕಾಂಡ್ಲಾ, ಮಂಗಳೂರು, ತೂತುಕುಡಿ ಬಂದರುಗಳಿಂದ ಕಲಬುರಗಿಗೆ ಲಾರಿಯಲ್ಲಿ ಬರುವ ಡೀಸೆಲ್ ಖರ್ಚು ಬೇರೆ. ಬಂದರಿನಿಂದ ದೂರವಿರುವ ಊರುಗಳಲ್ಲಿ ಕಟ್ಟಿಗೆ ತುಟ್ಟಿಯಾಗುವುದು ಹೀಗೆ.

ಇಳಿಯುತ್ತದೆಯೇ ಎಂಬುದಕ್ಕೆ ನನ್ನ ಅಭಿಪ್ರಾಯವನ್ನಷ್ಟೇ ಹೇಳಬಲ್ಲೆ. ದಪ್ಪನೆಯ, ಉದ್ದನೆಯ, ಕೆಚ್ಚು ತುಂಬಿದ ಮಾಲಿನ ದರ ಇಳಿಯುವ ಕಾರಣ ಒಂದೂ ಕಾಣುತ್ತಿಲ್ಲ. ಐವತ್ತು ವರ್ಷದ ಮರವನ್ನು ಎರಡು ವರ್ಷದಲ್ಲಿ ಬೆಳೆಸಲಾಗದು. ಎಳೆಯ ತೋಪಿನ ಮಾಲಿನ ಪರಿಸ್ಥಿತಿ ಬೇರೆ. ಅದರ ಪೂರೈಕೆ ಹಲವು ದೇಶಗಳಿಂದ ಇದೆ, ಅದಕ್ಕೆ ಪ್ರತಿಸ್ಪರ್ಧಿಯಾಗಿ ಯುಪಿವಿಸಿ ಎಂಬ ಗಟ್ಟಿ ಪ್ಲಾಸ್ಟಿಕ್, ಅಲ್ಯೂಮಿನಿಯಂ, ಉಕ್ಕಿನ ಬಾಗಿಲುಗಳು ನಿಂತಿವೆ. ಹಾಗಾಗಿ ಅದು ಏರಿದಷ್ಟೇ ಸಲ ಜಾರಿದ್ದೂ ಉಂಟು. ನಿಮಗೆ ಬೇಕಾದದ್ದು ಮುಂಬಾಗಿಲಿಗೆ ಒಳ್ಳೆಯ ಮಾಲು ಎಂದಾದರೆ ಕಾಯಬೇಡಿ. ದರದ ಒಲವನ್ನು ನೀವೇ ಗಮನಿಸಬೇಕೆಂದಿದ್ದರೆ, ಜಪಾನಿನ ಯೊಕೊಹಾಮಾದಲ್ಲಿ ಕಚೇರಿಯಿರುವ ಅಂತರರಾಷ್ಟ್ರೀಯ ಉಷ್ಣವಲಯದ ಕಟ್ಟಿಗೆ ಸಂಸ್ಥೆ ತಿಂಗಳಿಗೆ ಎರಡು ಬಾರಿ ಹೊರಡಿಸುವ ಮಾರುಕಟ್ಟೆ ವರದಿಯಲ್ಲಿ ಭಾರತದ ಬಂದರುಗಳಿಗೆ ಬರುವ ಸಾಗವಾನಿಯ ದರ ದೇಶವಾರು ಸಿಗುತ್ತದೆ. ನಮ್ಮ ಸರ್ಕಾರದ ಸಗಟು ಬೆಲೆ ಸೂಚ್ಯಂಕದಲ್ಲಿಯೂ ಮರ ಮತ್ತು ಮರದ ಉತ್ಪನ್ನಗಳಿಗೆ ಪ್ರತ್ಯೇಕ ಸಾಲು ಇದೆ, ಆದರೆ ಅದರಲ್ಲಿ ಪ್ಲೈವುಡ್ಡಿನಂಥ ಸಿದ್ಧ ಸರಕುಗಳೂ ಬೆರೆತಿರುವುದರಿಂದ ಸಾಗವಾನಿ ಕೊಳ್ಳುವವರಿಗೆ ಅದರ ಉಪಯೋಗ ಸ್ವಲ್ಪವೇ.

ಪ್ರಶ್ನೆ: ಕಾಲುವೆ ನೀರಿನ ನಮ್ಮ ಹೊಲದ ಬದುವಿನಲ್ಲಿ ಹನ್ನೆರಡು ವರ್ಷದ ಸಾಗವಾನಿ ಗಿಡಗಳಿವೆ. ಒಬ್ಬ ದಲ್ಲಾಳಿ ಬಂದು ಎಲ್ಲಕ್ಕೂ ಸೇರಿಸಿ ಇಡಿಗಂಟು ಬೆಲೆ ಹೇಳಿ, ಮುಂಗಡ ಕೊಡುತ್ತೇನೆ ಎನ್ನುತ್ತಿದ್ದಾನೆ. ಕೊಡಬಹುದೇ?
— ರೈತ, ಶಹಾಪುರ ತಾಲ್ಲೂಕು

ಉತ್ತರ: ಮುಂಗಡ ತೆಗೆದುಕೊಳ್ಳುವ ಮೊದಲು ಒಂದು ಹುರಿ ಮತ್ತು ಟೇಪು ಹಿಡಿದು ಒಂದು ಮುಂಜಾನೆ ಹೊಲಕ್ಕೆ ಹೋಗಿ. ದಲ್ಲಾಳಿ ಆಗಲೇ ಕಣ್ಣಳತೆಯಲ್ಲಿ ಎಣಿಸಿ ಹೋಗಿದ್ದಾನೆ. ಎಣಿಸದೆ ಉಳಿದವರು ನೀವು ಮಾತ್ರ.

ದುಂಡು ಕಟ್ಟಿಗೆಯನ್ನು ವ್ಯಾಪಾರದಲ್ಲಿ ಅಳೆಯುವ ಹಳೆಯ ಪದ್ಧತಿಗೆ ಹೋಪಸ್ ಅಳತೆ ಎಂದು ಹೆಸರು. ದಿಮ್ಮಿಯ ನಡುಭಾಗದ ಸುತ್ತಳತೆಯನ್ನು ನಾಲ್ಕರಿಂದ ಭಾಗಿಸಿ, ಬಂದ ಅಂಕಿಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. ಸುತ್ತಳತೆ 36 ಅಂಗುಲ, ಉದ್ದ 10 ಅಡಿ ಇದ್ದರೆ, ನಾಲ್ಕನೇ ಒಂದು ಭಾಗ 9 ಅಂಗುಲ, ಅಂದರೆ ಮುಕ್ಕಾಲು ಅಡಿ. ಮುಕ್ಕಾಲನ್ನು ಮುಕ್ಕಾಲಿನಿಂದ ಗುಣಿಸಿ ಹತ್ತರಿಂದ ಗುಣಿಸಿದರೆ 5.6 ಘನ ಅಡಿ. ಆ ದಿಮ್ಮಿಯಲ್ಲಿ ನಿಜವಾಗಿ ಇರುವುದು 7.1 ಘನ ಅಡಿಗಿಂತ ಹೆಚ್ಚು. ಅಂದರೆ ಈ ಅಳತೆಯಲ್ಲಿ ಐದರಲ್ಲಿ ಒಂದು ಪಾಲಿಗೂ ಹೆಚ್ಚು ಮೊದಲೇ ಕಳೆದುಹೋಗಿರುತ್ತದೆ. ಕೊಯ್ಯುವಾಗ ಆಗುವ ನಷ್ಟಕ್ಕೆಂದು ಬಿಟ್ಟ ಪಾಲು ಇದು. ಇದು ಎಲ್ಲ ಕಡೆ ನಡೆಯುವ ರೂಢಿಯಾದ್ದರಿಂದ ಅನ್ಯಾಯವೆನ್ನಲಾಗದು. ಆದರೆ ಹೋಪಸ್ ಅಳತೆಯಲ್ಲಿ ಕೊಂಡವನು ‘ಕೊಯ್ತದಲ್ಲಿ ವೇಸ್ಟು ಹೋಗುತ್ತದೆ’ ಎಂದು ಮತ್ತೊಮ್ಮೆ ಕಳೆಯಲು ಬಂದರೆ ಒಪ್ಪಬೇಡಿ. ತೊಗಟೆ ಸೇರಿಸಿ ಅಳೆಯುವುದೋ ತೆಗೆದು ಅಳೆಯುವುದೋ ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ನಡುವಿನ ಸುತ್ತಳತೆ 24 ಅಂಗುಲ, ನೆಟ್ಟನೆಯ ಉದ್ದ 12 ಅಡಿ ಇರುವ ಒಂದು ಗಿಡದಲ್ಲಿ ಈ ಲೆಕ್ಕಕ್ಕೆ 3 ಘನ ಅಡಿ ಇದೆ. ಅದೇ ಗಿಡ ಇನ್ನಷ್ಟು ವರ್ಷ ನಿಂತು 36 ಅಂಗುಲ ಸುತ್ತಳತೆಗೆ ಬಂದರೆ ಅದರಲ್ಲಿ 6.75 ಘನ ಅಡಿ ಇರುತ್ತದೆ. ಸುತ್ತಳತೆ ಒಂದೂವರೆ ಪಟ್ಟಾದಾಗ ಕಟ್ಟಿಗೆ ಎರಡೂಕಾಲು ಪಟ್ಟಾಯಿತು. ಅಷ್ಟೇ ಆಗಿದ್ದರೆ ಕಾಯಬೇಕೋ ಬೇಡವೋ ಎಂದು ಬಡ್ಡಿಯ ಲೆಕ್ಕ ಹಾಕಬಹುದಿತ್ತು. ಆದರೆ ಸರ್ಕಾರಿ ಡಿಪೋಗಳ ಹರಾಜಿನಲ್ಲಿಯೂ ಖಾಸಗಿ ಅಡ್ಡೆಯಲ್ಲಿಯೂ ಸಾಗವಾನಿಯ ದರವನ್ನು ಸುತ್ತಳತೆಯ ವರ್ಗಗಳಿಗೆ ತಕ್ಕಂತೆ ಕಟ್ಟುತ್ತಾರೆ; ಸಣ್ಣ ವರ್ಗದಿಂದ ದೊಡ್ಡ ವರ್ಗಕ್ಕೆ ಏರಿದಾಗ ಪ್ರತಿ ಘನ ಅಡಿಯ ದರವೇ ಏರುತ್ತದೆ. ಕೆಚ್ಚಿನ ಪಾಲೂ ಆಗ ಹೆಚ್ಚಿರುತ್ತದೆ. ಹನ್ನೆರಡನೆಯ ವರ್ಷದಲ್ಲಿ ಎಲ್ಲವನ್ನೂ ಕಡಿಯುವುದೆಂದರೆ, ತೊಗರಿ ಕಾಯಿ ಕಟ್ಟುವ ಹೊತ್ತಿಗೆ ಹೊಲ ಕೊಯ್ದಂತೆ.

ಹಾಗೆಂದು ಎಲ್ಲವನ್ನೂ ಉಳಿಸಿಕೊಳ್ಳಬೇಕೆಂದೂ ಇಲ್ಲ. ಒತ್ತೊತ್ತಾಗಿ ನಿಂತ ಗಿಡಗಳಲ್ಲಿ ಡೊಂಕಾದವು, ತುದಿ ಮುರಿದವು, ನೆರಳಿಗೆ ಸಿಕ್ಕಿ ಸೊರಗಿದವು ಇರುತ್ತವೆ. ಅವನ್ನು ಈಗ ಮಾರಿದರೆ ಕೈಗೆ ಹಣವೂ ಬರುತ್ತದೆ, ಉಳಿದವು ದಪ್ಪವಾಗಲು ಜಾಗವೂ ಸಿಗುತ್ತದೆ. ನಿಮ್ಮದು ಎರೆಮಣ್ಣಾಗಿದ್ದು ಕಾಲುವೆಯ ನೀರು ಬುಡದಲ್ಲಿ ನಿಲ್ಲುತ್ತಿದ್ದರೆ ಮಾತ್ರ ಬೇರೆ ವಿಚಾರ ಮಾಡಬೇಕಾಗುತ್ತದೆ, ಏಕೆಂದರೆ ನೀರು ಬಸಿಯದ ನೆಲದಲ್ಲಿ ಸಾಗವಾನಿ ಸೊರಗುತ್ತದೆ. ಮೂರು ವರ್ಷಗಳಿಂದ ಸುತ್ತಳತೆ ಹೆಚ್ಚದ ಗಿಡ ಮುಂದೆಯೂ ಹೆಚ್ಚುವ ಭರವಸೆ ಕಡಿಮೆ.

ಕಾನೂನಿನ ಮಾತನ್ನು ಬಿಡುವಂತಿಲ್ಲ. ಸ್ವಂತ ಹೊಲದ ಸಾಗವಾನಿಯಾದರೂ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ಅನುಮತಿ ಬೇಕು, ಸಾಗಿಸಲು ಪಾಸು ಬೇಕು. ಪಾಸನ್ನು ಆನ್‌ಲೈನಿನಲ್ಲಿ ಪಡೆಯುವ ರಾಷ್ಟ್ರೀಯ ವ್ಯವಸ್ಥೆ 2023ರ ಡಿಸೆಂಬರ್ 29ರಂದು ಆರಂಭವಾಗಿದೆ. ‘ಕಾಗದಪತ್ರ ಎಲ್ಲಾ ನಾವ್ ನೋಡ್ಕೋತೀವಿ’ ಎನ್ನುವ ದಲ್ಲಾಳಿ ನಿಮ್ಮ ಬೆಲೆಯನ್ನು ಇಳಿಸುವುದು ಮುಖ್ಯವಾಗಿ ಇದೇ ನೆಪದಿಂದ. ಪಹಣಿಯಲ್ಲಿ ಗಿಡಗಳ ನಮೂದು ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಈಗಲೇ ಮಾಡಿಸಿ. ಅನುಮತಿಯನ್ನು ನಿಮ್ಮ ಹೆಸರಿನಲ್ಲೇ ಪಡೆದು ಆಮೇಲೆ ಮೂವರು ವ್ಯಾಪಾರಿಗಳನ್ನು ಕರೆದು ಘನ ಅಡಿಯ ಲೆಕ್ಕದಲ್ಲಿ ದರ ಕೇಳಿ.

ಪ್ರಶ್ನೆ: ನಮ್ಮ ಹಿರಿಯರ ವಾಡೆಯನ್ನು ಇಳಿಸುತ್ತಿದ್ದೇವೆ. ತೊಲೆ, ಕಂಬ, ಜಂತೆಗಳಿವೆ. ಗುಜರಿಯವರು ಲಾರಿ ಲೆಕ್ಕಕ್ಕೆ ಕೇಳುತ್ತಿದ್ದಾರೆ. ಹಳೆಯ ಕಟ್ಟಿಗೆಗೆ ಈಗ ಬೆಲೆ ಇದೆಯೇ?
— ಭಾಲ್ಕಿ ತಾಲ್ಲೂಕಿನ ಓದುಗರು

ಉತ್ತರ: ಬೆಲೆ ಇದೆ, ಕೆಲವು ತುಂಡುಗಳಿಗೆ ಹೊಸ ಕಟ್ಟಿಗೆಗಿಂತ ಹೆಚ್ಚಿನ ಬೆಲೆ ಇದೆ. ಮೇಲಿನ ಉತ್ತರಗಳನ್ನು ಓದಿದ್ದರೆ ಕಾರಣ ನಿಮಗೇ ಹೊಳೆಯುತ್ತದೆ: ಆ ಕಾಲದ ಮರ ಹಳೆಯ ಕಾಡಿನದು, ಅದರಲ್ಲಿ ಕೆಚ್ಚು ತುಂಬಿದೆ, ಹನ್ನೆರಡು ಹದಿನಾಲ್ಕು ಅಡಿಯ ಅಖಂಡ ತೊಲೆ ಇವತ್ತು ಯಾವ ಕಂಟೈನರಿನಲ್ಲಿಯೂ ಸುಲಭವಾಗಿ ಬರುವುದಿಲ್ಲ, ಮತ್ತು ಅದು ನೂರು ಬೇಸಿಗೆಗಳನ್ನು ಕಂಡು ಒಣಗಿದೆ. ಇನ್ನು ಮುಂದೆ ಅದು ಕುಗ್ಗುವುದು, ಡೊಂಕಾಗುವುದು ತೀರಾ ಕಡಿಮೆ.

ಆದರೂ ಅಡ್ಡೆಯವರು ಅದನ್ನು ಹೊಸ ಮಾಲಿನ ದರಕ್ಕೆ ಕೊಳ್ಳದಿರುವುದಕ್ಕೆ ಸರಿಯಾದ ಕಾರಣಗಳಿವೆ. ಒಳಗೆ ಅಡಗಿದ ಮೊಳೆ ಸಾ ಮಿಲ್ಲಿನ ಬ್ಲೇಡನ್ನು ಮುರಿಯುತ್ತದೆ. ಗೋಡೆಯೊಳಗೆ ಹುದುಗಿದ್ದ ತುದಿಗಳನ್ನು ಗೆದ್ದಲು ಹಿಡಿದಿರುತ್ತದೆ ಅಥವಾ ತೇವ ತಿಂದಿರುತ್ತದೆ. ಜಂತೆ ಕೂರಿಸಲು ಕೊರೆದ ಗೂಡುಗಳಿರುವ ಕಡೆ ಹಲಗೆ ಸಿಗುವುದಿಲ್ಲ. ಅಲ್ಲದೆ ವಾಡೆಯ ಎಲ್ಲ ಕಟ್ಟಿಗೆಯೂ ಸಾಗವಾನಿಯಾಗಿರಲಾರದು; ಮಾಳಿಗೆಯ ಮೇಲಿನ ಜಂತೆಗಳಿಗೆ ಊರಿನ ಬೇವನ್ನೋ ಜಾಲಿಯನ್ನೋ ಬಳಸಿ, ತೊಲೆ ಕಂಬಗಳಿಗೆ ಮಾತ್ರ ಸಾಗವಾನಿ ತರಿಸುವುದು ಆಗಿನ ಜಾಣತನ. ಆದ್ದರಿಂದ ಲಾರಿ ಲೆಕ್ಕಕ್ಕೆ ಕೊಟ್ಟರೆ ಜಾಲಿಯ ದರದಲ್ಲಿ ಸಾಗವಾನಿಯೂ ಹೋಗುತ್ತದೆ. ಇಳಿಸಿದ ಮೇಲೆ ಜಾತಿವಾರು ಬೇರ್ಪಡಿಸಿ, ಕೆಟ್ಟ ತುದಿಗಳನ್ನು ನೀವೇ ಕೊಯ್ಸಿ, ಮೊಳೆ ಕೀಳಿಸಿ, ಉಳಿದುದನ್ನು ಅಳೆದು ಮಾರಿ. ಹದಿನೈದು ದಿನದ ಕೂಲಿ ಇದರಲ್ಲಿ ವ್ಯರ್ಥವಾಗುವುದಿಲ್ಲ.

ಕೆತ್ತನೆಯ ಕಂಬ, ಕಂಬದ ತಲೆಯ ಮೇಲೆ ಕೂರುವ ಬೋದಿಗೆ, ಹೂಬಳ್ಳಿಯ ದ್ವಾರಬಂಧಗಳನ್ನು ಘನ ಅಡಿಗೆ ಅಳೆಯಲೇಬಾರದು. ಬೀದರ್ ಕೋಟೆಯ ರಂಗೀನ್ ಮಹಲಿನ ಮರದ ಕಂಬಗಳನ್ನು ನೋಡಿದವರಿಗೆ ಈ ಭಾಗದ ಬಡಿಗೇರರ ಉಳಿಯ ಹರಿತ ಎಂಥದೆಂದು ಗೊತ್ತು. ಅಂಥ ಪರಂಪರೆಯ ಒಂದು ತುಣುಕನ್ನು ಚೂರು ಮಾಡಿ ಸ್ಟೂಲು ಮಾಡಿಸುವುದನ್ನು ನಾನಂತೂ ನೋಡಲಾರೆ. ಅವುಗಳನ್ನು ಬಿಡಿಯಾಗಿ ಕೊಳ್ಳುವವರು ಹೈದರಾಬಾದಿನಲ್ಲಿಯೂ ಬೆಂಗಳೂರಿನಲ್ಲಿಯೂ ಇದ್ದಾರೆ. ನೂರು ವರ್ಷ ದಾಟಿದ ಕಲಾವಸ್ತುಗಳು 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ, ಅವನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ ಎಂಬುದು ನೆನಪಿರಲಿ. ಒಂದು ಜೋಡಿ ಕಂಬವನ್ನಾದರೂ ಹೊಸ ಮನೆಯ ಪಡಸಾಲೆಯಲ್ಲಿ ನಿಲ್ಲಿಸಿಕೊಳ್ಳಲು ಸಾಧ್ಯವೇ ಎಂದು ಮನೆಯವರೆಲ್ಲ ಕುಳಿತು ಯೋಚಿಸಿ.

ಪ್ರಶ್ನೆ: ನಾನು ಬಡಿಗತನ ಮಾಡುವವನು. ಯುಪಿವಿಸಿ ಕಿಟಕಿ, ಗ್ರಾನೈಟ್ ಚೌಕಟ್ಟು ಬಂದ ಮೇಲೆ ಕೆಲಸ ಕಡಿಮೆಯಾಗಿದೆ. ಕಟ್ಟಿಗೆ ದಾಸ್ತಾನು ಮಾಡಿಟ್ಟುಕೊಳ್ಳುವುದು ಲಾಭವೇ?
— ಬಡಿಗೇರರು, ಸುರಪುರ

ಉತ್ತರ: ನೀವು ಹೇಳಿದ ಬದಲಾವಣೆ ಕಟ್ಟಿಗೆಯ ದರದಲ್ಲಿಯೂ ಕಾಣುತ್ತಿದೆ. ಪೆಟ್ಟು ಬಿದ್ದಿರುವುದು ನಡುವಿನ ವರ್ಗಕ್ಕೆ. ಮತ್ತಿ, ಸಾಲ್ ಮುಂತಾದವುಗಳ ಕಿಟಕಿ ಚೌಕಟ್ಟಿನ ಮಾರುಕಟ್ಟೆಯನ್ನು ಯುಪಿವಿಸಿ ಮತ್ತು ಗ್ರಾನೈಟ್ ತಿಂದಿವೆ. ಒಳಬಾಗಿಲುಗಳನ್ನು ಪ್ಲೈವುಡ್ ಹೊದಿಸಿದ, ಸಪಾಟಾದ ಫ್ಲಶ್ ಬಾಗಿಲು ಹಿಡಿದಿದೆ. ಇವುಗಳ ದರ ಒಂದು ಮಿತಿಗಿಂತ ಏರಿದರೆ ಗಿರಾಕಿ ಪ್ಲಾಸ್ಟಿಕ್ಕಿಗೆ ಹೋಗುತ್ತಾನೆ. ಮುಂಬಾಗಿಲು, ದೇವರಕೋಣೆಯ ಬಾಗಿಲು, ತೊಟ್ಟಿಲು, ಮಂಚ, ಇವುಗಳಿಗೆ ಸಾಗವಾನಿಯನ್ನೇ ಬಯಸುವವರು ಕಡಿಮೆಯಾಗಿಲ್ಲ. ಆದ್ದರಿಂದ ದಾಸ್ತಾನು ಮಾಡುವುದಾದರೆ ಸಾಗವಾನಿಯ ಉದ್ದನೆಯ ತುಂಡುಗಳನ್ನು ಸ್ವಲ್ಪವೇ ತಂದಿಡಿ. ನಿಮಗೆ ಸಿಗುವ ಲಾಭ ದರದ ಏರಿಕೆಗಿಂತ ಹೆಚ್ಚಾಗಿ ಒಣಗಿದ ಕಟ್ಟಿಗೆಯಿಂದ ಬರುತ್ತದೆ, ಏಕೆಂದರೆ ಒಣಗಿದ ಮಾಲು ಸಿದ್ಧವಿದೆ ಎಂದು ಹೇಳಬಲ್ಲ ಬಡಿಗೇರರು ಈಗ ಕಡಿಮೆ.

ಊರಿನ ಬೇವನ್ನು ಮರೆಯಬೇಡಿ. ಅಗ್ಗ, ಗೆದ್ದಲಿಗೆ ಬಗ್ಗದು, ಒಳಗಿನ ಕಪಾಟಿಗೆ ಸಾಕು. ಕರಿಜಾಲಿಯ ಬಗ್ಗೆ ಮಾತ್ರ ನನಗೆ ವ್ಯಥೆ. ಚಕ್ಕಡಿಯ ಗಾಲಿಗೆ, ನೇಗಿಲಿಗೆ ಅದಕ್ಕಿಂತ ಗಟ್ಟಿಯಾದ ಕಟ್ಟಿಗೆ ಈ ಸೀಮೆಯಲ್ಲಿ ಇರಲಿಲ್ಲ. ಟ್ರ್ಯಾಕ್ಟರು ಮತ್ತು ಟೈರಿನ ಗಾಡಿ ಬಂದ ಮೇಲೆ ಅದು ಇಟ್ಟಿಗೆ ಭಟ್ಟಿಯ ಉರುವಲಾಗಿದೆ.

ಪ್ರಶ್ನೆ: ವರ್ಷದ ಯಾವ ಕಾಲದಲ್ಲಿ ಕಟ್ಟಿಗೆ ಕೊಂಡರೆ ಅಗ್ಗ?
— ಕಾಲೇಜು ಉಪನ್ಯಾಸಕಿ, ಯಾದಗಿರಿ

ಉತ್ತರ: ನಮ್ಮ ಭಾಗದಲ್ಲಿ ತೊಗರಿಯ ಹಣ ಕೈಗೆ ಬಂದ ಮೇಲೆ ಮನೆ ಕಟ್ಟುವ ಕೆಲಸ ಚುರುಕಾಗುತ್ತದೆ. ಸಂಕ್ರಾಂತಿ ದಾಟಿದಲ್ಲಿಂದ ವೈಶಾಖದ ಗೃಹಪ್ರವೇಶಗಳವರೆಗೆ ಅಡ್ಡೆಯವರು ಚೌಕಾಸಿಗೆ ಬಗ್ಗುವುದಿಲ್ಲ. ಆಷಾಢದಲ್ಲಿ ಶುಭಕಾರ್ಯ ನಿಂತು, ಮಳೆಯೂ ಶುರುವಾಗಿ, ಬಡಿಗೇರರೂ ಖಾಲಿ ಕೂತಿರುವ ದಿನಗಳಲ್ಲಿ ಸ್ವಲ್ಪ ಬಗ್ಗುತ್ತಾರೆ. ಆದರೆ ಮೇಡಂ, ಈ ಏರಿಳಿತದಿಂದ ಉಳಿಯುವ ಹಣ ಅಷ್ಟೇನೂ ದೊಡ್ಡದಲ್ಲ. ದೊಡ್ಡ ನಷ್ಟ ಆಗುವುದು ಅವಸರದಿಂದ. ಚೌಕಟ್ಟು ನಿಲ್ಲಿಸುವ ಮುಹೂರ್ತವನ್ನು ಮೊದಲು ಗೊತ್ತು ಮಾಡಿ, ಆಮೇಲೆ ಕಟ್ಟಿಗೆ ಹುಡುಕಲು ಹೊರಡುವುದು ನಮ್ಮವರ ಅಭ್ಯಾಸ. ಎಂಟೇ ದಿನ ಉಳಿದಿರುವಾಗ ಅಡ್ಡೆಯಲ್ಲಿ ಸಿಕ್ಕ ಹಸಿ ಕಟ್ಟಿಗೆಯನ್ನೇ ಕೊಯ್ಸಿ ತಂದು ನಿಲ್ಲಿಸುತ್ತಾರೆ. ಏಪ್ರಿಲ್ ಮೇ ತಿಂಗಳ ನಲವತ್ತು ದಾಟಿದ ಬಿಸಿಲಿಗೆ ಅದು ಸೀಳಿ, ಗೋಡೆಯಿಂದ ಬಿಟ್ಟುಕೊಂಡು, ಮೊದಲ ಮಳೆಗೇ ಬಾಗಿಲು ಹತ್ತದೆ ನಿಲ್ಲುತ್ತದೆ. ಆಗ ಬೈಗಳು ಬಡಿಗೇರನಿಗೆ.

ಹೀಗೆ ಮಾಡಿ. ಪಾಯ ತೋಡುವ ದಿನವೇ ಚೌಕಟ್ಟಿನ ಕಟ್ಟಿಗೆ ಕೊಂಡು, ಬೇಕಾದ ಅಳತೆಗಿಂತ ಕಾಲಂಗುಲ ಹೆಚ್ಚಾಗಿ ಕೊಯ್ಸಿ. ಗಾಳಿಯಾಡುವ ನೆರಳಿನಲ್ಲಿ, ನೆಲದಿಂದ ಎತ್ತರಿಸಿ, ಪ್ರತಿ ಎರಡು ತುಂಡುಗಳ ನಡುವೆ ಒಂದೇ ದಪ್ಪದ ಪಟ್ಟಿ ಇಟ್ಟು ಪೇರಿಸಿ, ಎರಡೂ ತುದಿಗಳಿಗೆ ಬಣ್ಣವನ್ನೋ ಸಗಣಿಯನ್ನೋ ಬಳಿಯಿರಿ. ಕಟ್ಟಿಗೆ ತುದಿಯಿಂದ ಬೇಗ ಒಣಗುವುದರಿಂದ ಸೀಳು ಅಲ್ಲಿಂದಲೇ ಶುರುವಾಗುತ್ತದೆ, ಬಳಿದ ತುದಿ ಅದನ್ನು ತಡೆಯುತ್ತದೆ. ಗೋಡೆ ಚೌಕಟ್ಟಿನ ಮಟ್ಟಕ್ಕೆ ಏರುವ ಹೊತ್ತಿಗೆ ಅದಕ್ಕೆ ಎರಡು ಮೂರು ತಿಂಗಳ ಗಾಳಿ ಸಿಕ್ಕಿರುತ್ತದೆ. ಕಟ್ಟಿಗೆಯೊಳಗಿನ ತೇವ ತೋರಿಸುವ ಕೈಯಳತೆಯ ಮೀಟರುಗಳು ಈಗ ಸಿಗುತ್ತವೆ. ನಿಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಒಂದು ಇದ್ದರೆ ಅಡ್ಡೆಗೆ ಹೋಗುವಾಗ ಚೀಲದಲ್ಲಿ ಹಾಕಿಕೊಂಡು ಹೋಗಿ, ಒಂದು ತುಂಡನ್ನು ಅಡ್ಡ ಕೊಯ್ಸಿ ನಡುಭಾಗಕ್ಕೆ ಹಿಡಿದು ನೋಡಿ. ಹದಿನಾಲ್ಕು ಪ್ರತಿಶತದೊಳಗೆ ತೋರಿಸಿದರೆ ದರ ಸ್ವಲ್ಪ ಹೆಚ್ಚೆನಿಸಿದರೂ ಕೊಂಡುಬಿಡಿ.